ಡಾಕರ್ ಒಳಗಿನ ಫ್ಲಾಸ್ಕ್ ಆ್ಯಪ್‌ಗೆ ವಿಎಸ್ ಕೋಡ್‌ನಿಂದ ಡಿಬಗ್ಗರ್ ಜೋಡಿಸುವುದು ಹೇಗೆ?

ಪ್ರಶ್ನೆ, ಕಲಬುರಗಿಯಿಂದ:
ನಮಸ್ಕಾರ. ಇಲ್ಲಿನ ಗಂಜಿನ ತೊಗರಿ ಧಾರಣೆಯನ್ನು ರೈತರಿಗೆ ತೋರಿಸುವ ಸಣ್ಣ ಫ್ಲಾಸ್ಕ್ (ಪೈಥಾನ್ ವೆಬ್ ಫ್ರೇಮ್‌ವರ್ಕ್) ಆ್ಯಪ್ ಒಂದನ್ನು ಬರೆದು ಡಾಕರ್ ಕಂಪೋಸ್ ಮೂಲಕ ಕಂಟೇನರ್‌ನಲ್ಲಿ, ಅಂದರೆ ಆ್ಯಪನ್ನು ಪ್ರತ್ಯೇಕವಾಗಿ ಓಡಿಸುವ ಆವರಣದಲ್ಲಿ, ನಡೆಸುತ್ತಿದ್ದೇನೆ. ಕ್ವಿಂಟಲ್ ದರವನ್ನು ಕಿಲೋ ದರಕ್ಕೆ ಇಳಿಸುವ ಫಂಕ್ಷನ್ ಕೆಲವು ಸಾಲುಗಳಿಗೆ ಮಾತ್ರ ಸೊನ್ನೆ ಕೊಡುತ್ತಿದೆ. ಪ್ರಿಂಟ್ ಹಾಕಿ ಹಾಕಿ ಬೇಸತ್ತು ಪೈಥಾನ್ ಡಿಬಗ್ಗರ್ (ದೋಷ ಹುಡುಕುವ ಸಾಧನ) ಆದ ಡಿಬಗ್‌ಪೈ ಅಳವಡಿಸಿದೆ. ಅದಕ್ಕೆ 5678 ಎಂಬ ಪೋರ್ಟ್ ಸಂಖ್ಯೆಯನ್ನು ಕೊಟ್ಟು, ಕಂಪೋಸ್ ಫೈಲಿನಲ್ಲಿಯೂ ಅದೇ ಪೋರ್ಟನ್ನು ತೆರೆದಿದ್ದೇನೆ. ಕಂಟೇನರ್ ಇಲ್ಲದೆ ನಡೆಸಿದರೆ ಎಲ್ಲವೂ ಸರಿಯಿದೆ, ಕಂಟೇನರ್‌ನಲ್ಲಿ ಮಾತ್ರ ಅಟ್ಯಾಚ್ ಒತ್ತಿದ ಕೂಡಲೇ ಸಂಪರ್ಕ ಕಡಿದುಹೋಗುತ್ತದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ, ಬೀದರ್‌ನಿಂದ:
ಬರೀ ಪೋರ್ಟ್ ಸಂಖ್ಯೆ ಕೊಟ್ಟರೆ ಡಿಬಗ್‌ಪೈ 127.0.0.1ರಲ್ಲಿ ಮಾತ್ರ ಕಾಯುತ್ತದೆ, ಮತ್ತು ಕಂಟೇನರ್‌ನೊಳಗೆ ಆ ವಿಳಾಸವೆಂದರೆ ಕಂಟೇನರ್ ತಾನೇ ಹೊರತು ನಿಮ್ಮ ಲ್ಯಾಪ್‌ಟಾಪ್ ಅಲ್ಲ. ಆದ್ದರಿಂದ ಹೊರಗಿನಿಂದಲೂ ತಲುಪುವಂತೆ ಡಿಬಗ್‌ಪೈಗೆ 0.0.0.0:5678 ಎಂದು ಪೂರ್ತಿಯಾಗಿ ಬರೆಯಿರಿ. ಆದರೆ ನಿಮ್ಮ ಲ್ಯಾಪ್‌ಟಾಪ್‌ನಿಂದ ಮಾತ್ರ ತಲುಪುವಂತೆ ಕಂಪೋಸ್ ಫೈಲಿನಲ್ಲಿ 127.0.0.1:5678:5678 ಎಂದೇ ಇರಲಿ. ಈ ಪೋರ್ಟಿಗೆ ಪಾಸ್‌ವರ್ಡ್ ಇರುವುದಿಲ್ಲ. ಅದನ್ನು ತಲುಪಬಲ್ಲ ಯಾರು ಬೇಕಾದರೂ ನಿಮ್ಮ ಕಂಟೇನರ್‌ನಲ್ಲಿ ತಮಗೆ ಬೇಕಾದ ಕೋಡ್ ನಡೆಸಬಹುದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್, ಸಂಪರ್ಕ ಸಿಕ್ಕಿತು. ಆದರೆ ಬ್ರೇಕ್‌ಪಾಯಿಂಟ್‌ನ (ಕೋಡ್ ನಿಲ್ಲಬೇಕಾದ ಸಾಲಿನ ಗುರುತು) ಕೆಂಪು ಚುಕ್ಕೆ ಬೂದು ಬಣ್ಣದ ಟೊಳ್ಳು ವೃತ್ತವಾಗಿ, ಆ್ಯಪ್ ಅಲ್ಲಿ ನಿಲ್ಲದೆ ಮುಂದೆ ಸಾಗುತ್ತಿದೆ.

ಉತ್ತರ, ಯಾದಗಿರಿಯಿಂದ:
ಎಡಿಟರ್ ತಿಳಿದಿರುವ ಫೈಲಿನ ದಾರಿಯೂ ಕಂಟೇನರ್‌ನೊಳಗಿನ ದಾರಿಯೂ ಬೇರೆಯಾದಾಗ ಹೀಗಾಗುತ್ತದೆ. ವಿಎಸ್ ಕೋಡ್‌ನ ಡಿಬಗ್ ಸೆಟ್ಟಿಂಗ್ ಫೈಲಾದ ಲಾಂಚ್ ಡಾಟ್ ಜೇಸನ್‌ನಲ್ಲಿ ಪಾತ್‌ಮ್ಯಾಪಿಂಗ್ಸ್ ಸೇರಿಸಿ, ಲೋಕಲ್‌ರೂಟ್‌ಗೆ ನಿಮ್ಮ ಪ್ರಾಜೆಕ್ಟ್ ಫೋಲ್ಡರನ್ನೂ ರಿಮೋಟ್‌ರೂಟ್‌ಗೆ ಡಾಕರ್‌ಫೈಲ್‌ನಲ್ಲಿ ವರ್ಕ್‌ಡಿರ್ ಎಂದು ಕೊಟ್ಟ ದಾರಿಯನ್ನೂ ಬರೆಯಿರಿ. ಕೋಡನ್ನು ವಾಲ್ಯೂಮ್ ಆಗಿ ಮೌಂಟ್ ಮಾಡಿರದಿದ್ದರೆ ಇಮೇಜನ್ನು ಮತ್ತೆ ಬಿಲ್ಡ್ ಮಾಡಿ, ಇಲ್ಲವಾದರೆ ನೀವು ನೋಡುತ್ತಿರುವ ಸಾಲು ಒಂದು, ಓಡುತ್ತಿರುವ ಸಾಲು ಇನ್ನೊಂದು.

ಮುಂದೆ ಪೈಥಾನ್ ವೆಬ್ ಸರ್ವರ್ ಆದ ಜಿಯೂನಿಕಾರ್ನ್‌ಗೆ ಹೋದಾಗ ಇದೂ ನೆನಪಿರಲಿ: ಅದರ ಟೈಮ್‌ಔಟ್ ಮೊದಲಿಗೆ 30 ಸೆಕೆಂಡ್ ಇರುತ್ತದೆ, ಸಿಂಕ್ ವರ್ಕರ್ (ಒಮ್ಮೆಗೆ ಒಂದೇ ಕೋರಿಕೆ ನಡೆಸುವ ಪ್ರೊಸೆಸ್) ಬ್ರೇಕ್‌ಪಾಯಿಂಟ್‌ನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಅದನ್ನು ಕೊಂದುಬಿಡುತ್ತದೆ. ಡಿಬಗ್ಗರ್ ಕೆಟ್ಟಿದೆಯೆಂದುಕೊಂಡು ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ.

ಉತ್ತರ, ಬೀದರ್‌ನಿಂದ:
ಒಂದು ಮಾತು ಬಿಟ್ಟುಹೋಗಿತ್ತು. ಡಿಬಗ್‌ಪೈಯ ಲಿಸನ್ ಅನ್ನು ಕೋಡಿನೊಳಗೇ ಕರೆದಿದ್ದರೆ, ಕೋಡ್ ಬದಲಾದಾಗ ಆ್ಯಪನ್ನು ತಾನೇ ಮತ್ತೆ ಶುರುಮಾಡುವ ಫ್ಲಾಸ್ಕ್‌ನ ರೀಲೋಡರ್ ನಿಲ್ಲಿಸಿ. ಅದು ಹುಟ್ಟಿಸುವ ಎರಡನೆಯ ಪ್ರೊಸೆಸ್ ಕೂಡ ಅದೇ ಪೋರ್ಟಿಗೆ ಜಗ್ಗಾಡುತ್ತದೆ.

ಪ್ರಶ್ನೆ ಕೇಳಿದವರು:
ಬ್ರೇಕ್‌ಪಾಯಿಂಟ್‌ನಲ್ಲಿ ನಿಂತಿತು! ಕೆಲವು ಸಾಲುಗಳಲ್ಲಿ ದರವು 7,250 ಎಂದು ಅಲ್ಪವಿರಾಮದೊಡನೆ ಪಠ್ಯವಾಗಿ ಬರುತ್ತಿದೆ. ಪಠ್ಯವನ್ನು ಸಂಖ್ಯೆಯಾಗಿಸುವ ಫ್ಲೋಟ್ ಅದನ್ನು ಒಪ್ಪದೆ ವ್ಯಾಲ್ಯೂಎರರ್ ಎಸೆಯುತ್ತಿದೆ, ನಾನೇ ಹಿಂದೊಮ್ಮೆ ಬರೆದಿದ್ದ ಎಕ್ಸೆಪ್ಟ್ (ದೋಷ ಹಿಡಿಯುವ ಭಾಗ) ಆ ದೋಷವನ್ನು ನುಂಗಿ ಸೊನ್ನೆ ಕೊಡುತ್ತಿತ್ತು.