ಮೈಕ್ ಕಸಿದವನ ಪಕ್ಷ ಹಿಡಿದ ಬದಿಯಡ್ಕ ಮಾವ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ 2025ರ ಸೆಪ್ಟೆಂಬರಿನ ಒಂದು ಸೋಮವಾರ ನಡೆದದ್ದು. ಶುಭೋದಯ, ಗುಲಾಬಿ ಹೂ, ಅಡಿಕೆ ರೇಟು ಇತ್ಯಾದಿ ತೆಗೆದು ಉಳಿದದ್ದನ್ನು ಹಾಗೇ ಹಾಕಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆಯೇ.

ಬದಿಯಡ್ಕ ಮಾವ: (ವೀಡಿಯೋ) ನಿನ್ನೆ ರಾತ್ರಿ ಅಮೆರಿಕದಲ್ಲಿ!! ಬಹುಮಾನ ತಗೊಂಡ ಹುಡುಗಿಯ ಕೈಯಿಂದ ಮೈಕ್ ಎಳೆದ ಗಾಯಕ!! ಎಲ್ಲಾ ಗುಂಪುಗಳಿಗೂ ಕಳಿಸಿ.

ಪುಟ್ಟಿ: ಅಜ್ಜಾ, ಇದು ನಿನ್ನೆಯದ್ದಲ್ಲ. 2009ರದ್ದು. ಆಗ ನಾನು ಎಲ್‌ಕೆಜಿ.

ಮಾವ: ಮತ್ತೆ ಇದರಲ್ಲಿ ನಿನ್ನೆ ಅಂತ ಉಂಟಲ್ಲ?

ಪುಟ್ಟಿ: ಅಮೆರಿಕದ ಎಂಟಿವಿ ಚಾನೆಲ್‌ನವರು ಹಾಡಿನ ವೀಡಿಯೋಗಳಿಗೆ ಕೊಡುವ ಪ್ರಶಸ್ತಿ ಇವತ್ತು ಬೆಳಗ್ಗೆ ಇತ್ತು. ನಮ್ಮಲ್ಲಿ ಐದೂವರೆಗೆ ಶುರು, ಅವರಿಗೆ ಭಾನುವಾರ ರಾತ್ರಿ. ಅದಕ್ಕೇ ಯಾರೋ ಹಳೆಯದ್ದನ್ನು ಹೊರಗೆ ತೆಗೆದಿದ್ದಾರೆ. ಈ ಸಲ ವರ್ಷದ ವೀಡಿಯೋ ಅರಿಯಾನಾ ಗ್ರಾಂಡೆಗೆ ಬಂತು. ಯಾರೂ ಯಾರ ಮೈಕನ್ನೂ ಎಳೆಯಲಿಲ್ಲ.

ಮಂಜೇಶ್ವರ ಚಿಕ್ಕಮ್ಮ: ಐದೂವರೆಗೆ ಎದ್ದು ಅದನ್ನು ನೋಡಿದೆಯಾ? ಪರೀಕ್ಷೆಗೆ ಎದ್ದದ್ದು ಕಾಣೆ.

ಪುಟ್ಟಿ ಉತ್ತರ ಕೊಡಲಿಲ್ಲ. ಬುದ್ಧಿವಂತೆ.

ಮಾವ: ಇರಲಿ. ಅವನು ಎಳೆದದ್ದು ಯಾಕೆ? ಅದು ಹೇಳು.

ಪುಟ್ಟಿ: ಹೆಂಗಸರ ವಿಭಾಗದ ಬಹುಮಾನ ಗಾಯಕಿ ಟೇಲರ್ ಸ್ವಿಫ್ಟ್‌ಗೆ ಬಂತು. ಅವಳು ಮಾತಾಡುವಾಗ ಕಾನ್ಯೆ ವೆಸ್ಟ್ ವೇದಿಕೆ ಹತ್ತಿ ಮೈಕ್ ತಗೊಂಡು, ಅದೇ ವಿಭಾಗದಲ್ಲಿ ಸೋತ ಗಾಯಕಿ ಬಿಯಾನ್ಸೆಯ ವೀಡಿಯೋ ಸಾರ್ವಕಾಲಿಕ ಒಳ್ಳೆಯ ವೀಡಿಯೋಗಳಲ್ಲಿ ಒಂದು ಅಂದ. ಆಮೇಲೆ ಅದೇ ರಾತ್ರಿ ವರ್ಷದ ವೀಡಿಯೋ ಬಹುಮಾನ ಬಿಯಾನ್ಸೆಗೇ ಬಂತು. ಅವಳು ಟೇಲರನ್ನು ವೇದಿಕೆಗೆ ಕರೆದು, ನಿನ್ನ ಮಾತು ಮುಗಿಸು ಅಂತ ಜಾಗ ಬಿಟ್ಟಳು.

ಪೆರ್ಲ ಅತ್ತಿಗೆ: ಅದು ಮರ್ಯಾದೆ.

ಮಾವ: ಮರ್ಯಾದೆ ಸರಿ. ಆದರೆ ನನ್ನದೊಂದು ಪ್ರಶ್ನೆ. ಹೆಂಗಸರ ಪೈಕಿ ಗೆಲ್ಲದವಳು ಎಲ್ಲರ ಪೈಕಿ ಗೆಲ್ಲುವುದು ಹೇಗೆ?

ಇಲ್ಲಿಂದ ಗುಂಪು ಬಿಸಿಯಾದದ್ದು. ಮಾವ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದ ಮಾತಿನ ಯಕ್ಷಗಾನದಲ್ಲಿ, ಅರ್ಥ ಹೇಳುವವರು. ಎದುರಿನವರ ಮಾತಿನಲ್ಲಿ ಸಣ್ಣ ತೂತು ಸಿಕ್ಕಿದರೆ ಬೆಳಗಾಗುವವರೆಗೆ ಬಿಡುವುದಿಲ್ಲ.

ಉಪ್ಪಳ ಭಾವ: ಮಾವ, ಟೇಲರ್ ಎರಡರಲ್ಲೂ ಇದ್ದಿರಬೇಕು. ಒಂದರಲ್ಲಿ ಗೆದ್ದಳು, ಒಂದರಲ್ಲಿ ಸೋತಳು. ಅಷ್ಟೇ.

ಪುಟ್ಟಿ: ಇಲ್ಲ ಅಪ್ಪ. ದೊಡ್ಡ ವಿಭಾಗದ ಪಟ್ಟಿಯಲ್ಲಿ ಅವಳ ವೀಡಿಯೋ ಇರಲೇ ಇಲ್ಲ. ಬಿಯಾನ್ಸೆ, ಎಮಿನೆಮ್, ಲೇಡಿ ಗಾಗಾ, ಬ್ರಿಟ್ನಿ ಸ್ಪಿಯರ್ಸ್ ಇದ್ದರು. ಐದನೆಯವನು ಯಾರು ಗೊತ್ತಾ? ಕಾನ್ಯೆ ವೆಸ್ಟೇ.

ಮಾವ: ನೋಡಿ! ವರ್ಷದ ಐದರಲ್ಲಿ ಜಾಗ ಇಲ್ಲದ್ದು, ಐದರಲ್ಲಿ ಗೆದ್ದದ್ದನ್ನೇ ಸೋಲಿಸಿತು. ಆ ಕಾನ್ಯೆ ಸುಮ್ನೆ ಹತ್ತಿದ್ದಲ್ಲ. ರೀತಿ ತಪ್ಪು, ಮಾತು ಸರಿ.

ಚಿಕ್ಕಮ್ಮ: ಅಣ್ಣಾ, ಹತ್ತೊಂಬತ್ತು ವರ್ಷದ ಹುಡುಗಿ ಅದು. ನಿನ್ನ ಎದುರು ಅರ್ಥ ಹೇಳುವವನ ಮೈಕನ್ನು ಯಾರಾದರೂ ಬಂದು ಎಳೆದರೆ ಸುಮ್ಮನಿರುತ್ತೀಯಾ?

ಮಾವ: ನಾನು ಅವನನ್ನು ಹೊಗಳಲಿಲ್ಲ. ಲೆಕ್ಕ ಕೇಳಿದೆ.

ಲೆಕ್ಕ ಅಂದ ಮೇಲೆ ನಾನೂ ಇಳಿದೆ. ಆ ಪ್ರಶಸ್ತಿಯ ಮುಖ್ಯ ವಿಭಾಗಗಳಲ್ಲಿ ನೋಡುಗರೇ ಓಟು ಹಾಕುವುದು. ಎಡಿಟಿಂಗ್, ಕ್ಯಾಮೆರಾ ಇಂಥದ್ದನ್ನು ಆರಿಸುವುದು ಆ ಉದ್ಯಮದವರು. ಒಂದೊಂದು ವಿಭಾಗಕ್ಕೆ ಬೇರೆ ಬೇರೆ ಓಟು ಬಿದ್ದರೆ ಲೆಕ್ಕ ತಾಳೆ ಆಗಲೇಬೇಕು ಅಂತ ಇಲ್ಲ. ಇಷ್ಟು ಬರೆದು, ಇನ್ನೂ ಒಂದು ಸೇರಿಸಿದೆ. ಬಿಯಾನ್ಸೆಯ ಆ 'ಸಿಂಗಲ್ ಲೇಡೀಸ್' ಅದೇ ರಾತ್ರಿ ನೃತ್ಯ ಸಂಯೋಜನೆಗೂ ಎಡಿಟಿಂಗ್‌ಗೂ ಗೆದ್ದಿತ್ತು. ಅದರ ಬಗ್ಗೆ ಯಾವ ಫಾರ್ವರ್ಡೂ ಬರುವುದಿಲ್ಲ.

ಪೆರ್ಲ ಅತ್ತಿಗೆ: ಈಗ ನೋಡಿದೆ. ಕಪ್ಪು ಬಿಳುಪು. ಮೂರು ಜನ, ಹಿಂದೆ ಖಾಲಿ ಗೋಡೆ. ಹೂ ಇಲ್ಲ, ಬೆಟ್ಟ ಇಲ್ಲ. ಇದಕ್ಕೆ ಖರ್ಚೇ ಇಲ್ಲವಲ್ಲ!

ಪುಟ್ಟಿ: ಅದೇ ಅತ್ತೆ ಮಜಾ. ಕಣ್ಣು ಬೇರೆ ಕಡೆ ಹೋಗುವ ಹಾಗೇ ಇಲ್ಲ. ಬಾಬ್ ಫಾಸಿ ಅಂತ ಒಬ್ಬರು 1969ರಲ್ಲಿ ಟಿವಿಗೆ ಮಾಡಿಸಿದ ಕುಣಿತ ನೋಡಿ ಇದನ್ನು ಕಟ್ಟಿದ್ದು. ಅದರಲ್ಲೂ ಮೂರೇ ಹೆಂಗಸರು.

ಮಾವ: ಹಾಗಾದರೆ ಬಹುಮಾನ ಕುಣಿಸಿದವರಿಗೆ ಬರಬೇಕು. ಹಾಡಿದವಳು ಯಾಕೆ ತಗೊಳ್ಳುವುದು? ಪ್ರಶಸ್ತಿ ಹಾಡಿಗಾ, ವೀಡಿಯೋಕ್ಕಾ?

ಈ ಪ್ರಶ್ನೆಗೆ ನನ್ನ ಮಟ್ಟಿಗೆ ಉತ್ತರ ಸ್ಪಷ್ಟ ಉಂಟು. ಕಣ್ಣಿಗೆ ಕಂಡದ್ದಕ್ಕೆ ಬಹುಮಾನ ಅಂದ ಮೇಲೆ ಕಾಣಿಸಿದವರ ಹೆಸರು ಮೊದಲು ಬರಬೇಕು. 1984ರಲ್ಲಿ ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಮೊದಲ ಸಲ ಈ ಪ್ರಶಸ್ತಿ ಕೊಟ್ಟಾಗ ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' ಇತ್ತು. ಆದರೂ ವರ್ಷದ ವೀಡಿಯೋ ಆಗಿದ್ದು ದಿ ಕಾರ್ಸ್ ಅನ್ನುವ ತಂಡದ್ದು. ಇವತ್ತು ಆ ವೀಡಿಯೋ ಎಷ್ಟು ಜನರ ನೆನಪಿನಲ್ಲಿ ಉಂಟು? ಥ್ರಿಲ್ಲರ್‌ನ ಭೂತಗಳ ಕುಣಿತ ನಮ್ಮ ಮಾವನಿಗೂ ಗೊತ್ತು.

ನಾನು ಬರೆದೆ: ಮಾವ, ನಮ್ಮ ಕಾಸರಗೋಡಿನ ಬೇಕಲ ಕೋಟೆ ನೆನಪು ಮಾಡಿಕೊಳ್ಳಿ. 1995ರ 'ಬಾಂಬೆ' ಸಿನಿಮಾದ ಆ 'ಉಯಿರೇ' ಹಾಡು ತೆಗೆದದ್ದು ಅಲ್ಲಿ. ಬೇರೆ ಊರಿನ ನೆಂಟರು ಬಂದರೆ ಮೊದಲು ಕೇಳುವುದು ಮನೀಷಾ ಕೊಯಿರಾಲಾ ಓಡಿ ಬಂದ ಜಾಗ ಯಾವುದು ಅಂತ. ಹಾಡಿದ ಹರಿಹರನ್, ಚಿತ್ರಾ ದೊಡ್ಡವರೇ. ಆದರೆ ಆ ಗಾಳಿ, ಮಳೆ, ಕಲ್ಲುಗೋಡೆಯನ್ನು ಹಾಗೆ ಹಿಡಿದವರು ಕ್ಯಾಮೆರಾದ ರಾಜೀವ್ ಮೆನನ್. ಅವರ ಹೆಸರು ಯಾರಾದರೂ ಕೇಳಿದ್ದುಂಟಾ?

ಭಾವ: ಬೇಕಲದಲ್ಲಿ ನಮ್ಮವನೂ ಒಂದು ಆಲ್ಬಂ ತೆಗೆದಿದ್ದಾನೆ. ಅದಕ್ಕೂ ಓಣಕ್ಕೆ ಬಹುಮಾನ ಬಂದಿದೆ.

ಈ ಮಾತು ಬೇಡವಾಗಿತ್ತು. ನಮ್ಮ ಕಡೆ ಆಲ್ಬಂ ಅಂದರೆ ಹಾಡಿನ ವೀಡಿಯೋ. ಮೊದಲು ಸಿಡಿಯಲ್ಲಿ ಬರುತ್ತಿತ್ತು, ಅಂಗಡಿಯಲ್ಲಿ ಸಾಲಾಗಿ ನೇತು ಹಾಕುತ್ತಿದ್ದರು. ಈಗ ಯೂಟ್ಯೂಬ್. ಭಾವನ ಮಗ ತೆಗೆದದ್ದಕ್ಕೆ ಅವರ ಕಡೆಯ ಒಂದು ಕ್ಲಬ್ಬು ಬಹುಮಾನ ಕೊಟ್ಟಿತ್ತು. ಲೈಕು ಜಾಸ್ತಿ ಬಂದವರಿಗೆ ಅಂತ ನಿಯಮ.

ಮಾವ: ಲೈಕು, ಓಟು ಇದೆಲ್ಲ ಕಲೆಯ ತಕ್ಕಡಿಯೇ ಅಲ್ಲ. ಜನ ಸೇರಿಸುವ ಉಪಾಯ.

ಚಿಕ್ಕಮ್ಮ: (ಸ್ಕ್ರೀನ್‌ಶಾಟ್) "ನನ್ನ ಮೊಮ್ಮಗನ ಹಾಡಿಗೆ ಎಲ್ಲರೂ ಲೈಕ್ ಒತ್ತಿ. ಮನೆಯಲ್ಲಿರುವ ಎಲ್ಲಾ ಫೋನಿನಿಂದಲೂ ಒತ್ತಿ. ಬದಿಯಡ್ಕ." ಇದು ಯಾರು ಬರೆದದ್ದು ಅಣ್ಣಾ?

ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. 'ಮಾವ ಟೈಪ್ ಮಾಡುತ್ತಿದ್ದಾರೆ' ಅಂತ ಬರುತ್ತಾ ಹೋಗುತ್ತಾ ಇತ್ತು.

ಮಾವ: ಅದು ಸ್ಪರ್ಧೆಯ ನಿಯಮ. ನಿಯಮ ನಾನು ಮಾಡಿದ್ದಲ್ಲ. ಆಟಕ್ಕೆ ಇಳಿದ ಮೇಲೆ ಆಡಬೇಕು.

ಪುಟ್ಟಿ: ಟೇಲರ್‌ಗೂ ಅದೇ ಅಲ್ವಾ ಅಜ್ಜಾ? ನಿಯಮ ಅವಳು ಮಾಡಿದ್ದಲ್ಲ. ಬಂದ ಬಹುಮಾನ ತಗೊಂಡಳು. ಮೈಕ್ ಎಳೆಯುವುದಿದ್ದರೆ ನಿಯಮ ಮಾಡಿದವರದ್ದು ಎಳೆಯಬೇಕಿತ್ತು.

ಮಾವ ಇದಕ್ಕೆ ಒಂದು ಕೈ ಮುಗಿದ ಚಿತ್ರ ಹಾಕಿದರು. ಸೋತೆ ಅಂತಲೋ, ಸಾಕು ಅಂತಲೋ, ಅವರಲ್ಲಿ ಎರಡಕ್ಕೂ ಒಂದೇ ಚಿತ್ರ. ಆಮೇಲೆ ತೋಟಕ್ಕೆ ಮದ್ದು ಬಿಡುವವರು ಬಂದಿದ್ದಾರೆ, ಮಳೆ ಬರುವ ಮೊದಲು ಮುಗಿಸಬೇಕು ಅಂತ ಹೇಳಿ ಹೋದರು.

ಆದರೆ ಅವರ ಪ್ರಶ್ನೆ ಒಬ್ಬನಿಗೆ ತಾಗಿತ್ತು. ಅಷ್ಟು ಹೊತ್ತು ಬಾಯಿ ಬಿಡದ ಭಾವನ ಮಗ ಸಂಜೆ ಲಿಂಕ್ ಕಳಿಸಿದ. ಅವನ ಆಲ್ಬಮ್ಮಿನ ಕೆಳಗೆ ಮೊದಲು ಅವನ ಹೆಸರು ಮಾತ್ರ ಇತ್ತು. ಈಗ ಕ್ಯಾಮೆರಾ ಹಿಡಿದವನು, ಡ್ರೋನ್ ಹಾರಿಸಿದವನು, ಎಡಿಟ್ ಮಾಡಿದವನು, ಕುಣಿದ ನಾಲ್ಕು ಹುಡುಗಿಯರು, ಎಲ್ಲರೂ ಬಂದಿದ್ದಾರೆ. ಹಾಡಿದ ಇವನದ್ದು ಕಟ್ಟಕಡೆಗೆ.

ಭಾವ: ಕೊನೆಗೆ ಯಾಕೆ ಹಾಕಿದೆ? ಹಾಡಿದವನು ನೀನಲ್ವಾ?

ಮಾವ: ಸರಿಯಾಗಿಯೇ ಹಾಕಿದ್ದಾನೆ. ಮುಟ್ಟಬೇಡಿ.

ಪೆರ್ಲ ಅತ್ತಿಗೆ: ಎಲ್ಲಾ ಸರಿ. ಆ ನಾಲ್ಕು ಹುಡುಗಿಯರೂ ಉಟ್ಟದ್ದು ನನ್ನ ಸೀರೆ. ಒಂದರ ಸೆರಗು ಕೋಟೆಯ ಕಲ್ಲಿಗೆ ಸಿಕ್ಕಿ ಹರಿದಿದೆ. ನನ್ನ ಹೆಸರು ಎಲ್ಲಿ?