ಅಪ್‌ಡೇಟ್: ಸ್ಲೀವ್ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳು

ತೂಕ ಇಳಿಸಲು ಜಠರದ ಹೆಚ್ಚಿನ ಭಾಗವನ್ನು ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆಯ ನಂತರ ಚೇತರಿಕೆ ಹೇಗಿರುತ್ತದೆ, ಅನ್ನ ಉಣ್ಣಲು ಎಷ್ಟು ದಿನ ಬೇಕು ಎಂದು ಕೇಳಿದ್ದೆ. ಧೈರ್ಯ ತುಂಬಿದ ಎಲ್ಲರಿಗೂ ಕೃತಜ್ಞತೆ ಸಲ್ಲಿಸುತ್ತಾ ನನ್ನ ಅನುಭವವನ್ನು ತಿಳಿಸುತ್ತಿದ್ದೇನೆ.

ಮೊದಲ ಎರಡು ದಿನ ಹೊಟ್ಟೆಯ ಗಾಯಗಳಿಗಿಂತ ಭುಜದ ನೋವೇ ಹೆಚ್ಚಾಗಿತ್ತು. ಲ್ಯಾಪರೋಸ್ಕೋಪಿಗಾಗಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಹೊಟ್ಟೆಯೊಳಗೆ ತುಂಬುವ ಕಾರ್ಬನ್ ಡೈಆಕ್ಸೈಡ್ ಅನಿಲವು ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಾದ ವಪೆಯನ್ನು ಕೆರಳಿಸುವುದರಿಂದ ಹೀಗಾಗುತ್ತದೆ ಎಂದು ನರ್ಸ್ ವಿವರಿಸಿದರು. ವಾರ್ಡಿನಲ್ಲಿ ನಡೆದಾಡಿದಂತೆಲ್ಲ ಅದು ತಗ್ಗಿತು.

ನಿಜವಾಗಿ ಕಷ್ಟವಾದದ್ದು ಕುಡಿಯುವುದು. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದಿರುವುದರಿಂದ, ಕೆಮ್ಮಿನ ಸಿರಪ್ಪಿನ ಜೊತೆ ಬರುವ ಪುಟ್ಟ ಅಳತೆ ಮುಚ್ಚಳದಲ್ಲಿ ತಿಳಿಮಜ್ಜಿಗೆ ಸುರಿದುಕೊಂಡು, ಗಡಿಯಾರ ನೋಡುತ್ತಾ, ಗುಟುಕು ಗುಟುಕಾಗಿ ದಿನವಿಡೀ ಕುಡಿಯಬೇಕಾಗುತ್ತಿತ್ತು. ಎರಡು ವಾರ ದ್ರವಾಹಾರ, ಮತ್ತೆರಡು ವಾರ ನುಣ್ಣಗೆ ಅರೆದ ಹೆಸರುಬೇಳೆ, ಅನಂತರ ಮೆತ್ತನೆಯ ಇಡ್ಲಿ. ಅನ್ನ ಉಂಡದ್ದು ಎರಡನೇ ತಿಂಗಳಲ್ಲಿ, ಅದೂ ಎರಡೇ ಚಮಚ. ಏಕೆಂದರೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಸೇರಬೇಕಾದ್ದರಿಂದ ತಟ್ಟೆಯಲ್ಲಿ ಮೊದಲ ಸ್ಥಾನ ಮೊಟ್ಟೆ, ಪನೀರು, ಬೇಳೆಗೆ. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟೇ ಕುಡಿಯಬೇಕು. ಒಮ್ಮೆ ಅವಸರದಲ್ಲಿ ನುಂಗಿದ ಎರಡು ತುತ್ತು ಎದೆಯಲ್ಲಿ ಕಲ್ಲಿನಂತೆ ನಿಂತು, ಬಾಯಿ ತುಂಬಾ ನೊರೆ ಬಂದು ವಾಂತಿಯಾಯಿತು.

ಮೂರನೇ ವಾರ ತೂಕ ಇಳಿಯದೆ ನಿಂತಾಗ ಗಾಬರಿಯಾಗಿದ್ದೆ, ಆದರೆ ಅದು ಸಾಮಾನ್ಯವಂತೆ. ಈಗ ಕೂದಲು ಉದುರುತ್ತಿದೆ, ಬಾಚಣಿಗೆ ನೋಡಿದರೆ ಸಂಕಟವಾಗುತ್ತದೆ. ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಬಿ12 ಮತ್ತು ಇತರ ವಿಟಮಿನ್‌ಗಳನ್ನು ಜೀವನಪರ್ಯಂತ ತೆಗೆದುಕೊಳ್ಳಬೇಕು, ದಯವಿಟ್ಟು ಯಾರೂ ಅದನ್ನು ನಿಲ್ಲಿಸಬೇಡಿ. ಮುಂದಿನ ರಕ್ತಪರೀಕ್ಷೆ ಆರನೇ ತಿಂಗಳಿಗಿದೆ.