ಸೆಕೆಂಡನ್ನು ಗಂಟೆ-ನಿಮಿಷವಾಗಿ ತೋರಿಸುವುದು: ನಿಮ್ಮ ಅನುಭವ ಹೇಳಿ

ಮಂಗಳೂರಿನಿಂದ ಕೇಳುತ್ತಿದ್ದೇನೆ. ರಾತ್ರಿಯಿಡೀ ನಡೆದ ಯಕ್ಷಗಾನ ಆಟಗಳ ರೆಕಾರ್ಡಿಂಗ್‌ಗೆ ಒಂದು ಪ್ಲೇಯರ್ ಬರೆಯುತ್ತಿದ್ದೇನೆ. ಯಾವ ಪದ್ಯ ಎಲ್ಲಿ ಶುರು ಅನ್ನೋದು ಸೆಕೆಂಡಿನಲ್ಲಿದೆ. ಅದನ್ನು ಡೇಟ್ ಫಂಕ್ಷನ್‌ಗೆ ಕೊಟ್ಟರೆ ಆಟ ಶುರುವಾಗುವುದೇ 05:30:00ಕ್ಕೆ! ಒಟ್ಟು ಅವಧಿಯೂ ತಪ್ಪು ಬರುತ್ತಿದೆ. ನೀವೆಲ್ಲ ಹೇಗೆ ಮಾಡ್ತೀರಿ?

— ಉಡುಪಿಯಿಂದ:
ಅದು ಟೈಮ್‌ಝೋನ್ ಮಾರಾಯ್ರೇ. ಡೇಟ್ ಫಂಕ್ಷನ್‌ಗೆ ಸೊನ್ನೆ ಅಂದರೆ 1970ರ ಜನವರಿ 1, ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯರಾತ್ರಿ. ಆಗ ನಮ್ಮಲ್ಲಿ ಬೆಳಿಗ್ಗೆ ಐದೂವರೆ. ಯುಟಿಸಿಯಲ್ಲೇ ತೋರಿಸಿದರೆ ಇದು ಸರಿಯಾಗುತ್ತದೆ. ಆದರೆ 24 ಗಂಟೆ ದಾಟಿದ ಕೂಡಲೇ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ. 90000 ಸೆಕೆಂಡ್ ಅಂದರೆ 25 ಗಂಟೆ, ಅದು ತೋರಿಸುವುದು 01:00:00. ಮೂರ್ನಾಲ್ಕು ಆಟ ಕೂಡಿಸಿದರೆ ಅಷ್ಟಾಗುತ್ತದೆ ಅಲ್ವಾ? ನಿಮ್ಮ ಒಟ್ಟು ಅವಧಿ ತಪ್ಪುತ್ತಿರುವುದು ಇಲ್ಲೇ ಇರಬೇಕು.

ಅವಧಿಗೆ ಡೇಟ್ ಬೇಡವೇ ಬೇಡ, ಸುಮ್ನೆ ಭಾಗಿಸಿ. 3600ರಿಂದ ಭಾಗಿಸಿದರೆ ಗಂಟೆ. ಶೇಷವನ್ನು 60ರಿಂದ ಭಾಗಿಸಿದರೆ ನಿಮಿಷ, ಉಳಿದದ್ದು ಸೆಕೆಂಡ್. 17345 ಕೊಟ್ಟರೆ 4:49:05 ಬರಬೇಕು. ಆ 05ರ ಸೊನ್ನೆಗೆ ಜಾವಾಸ್ಕ್ರಿಪ್ಟ್‌ನಲ್ಲಿ ಪ್ಯಾಡ್‌ಸ್ಟಾರ್ಟ್ ಇದೆ. ಪೈಥಾನ್ ಆದರೆ ಡಿವ್‌ಮಾಡ್ ಬಳಸಿ, ಭಾಗಲಬ್ಧ ಮತ್ತು ಶೇಷ ಒಟ್ಟಿಗೇ ಸಿಗುತ್ತವೆ.

— ಸುರತ್ಕಲ್‌ನಿಂದ:
ದಶಾಂಶದ ಕಡೆ ಗಮನ ಇರಲಿ. 119.7ನ್ನು ಮೊದಲು ಭಾಗಿಸಿ, ಆಮೇಲೆ ರೌಂಡ್ ಮಾಡಿದರೆ 1:60 ಅಂತ ಬರುತ್ತದೆ. ಪೂರ್ಣಾಂಕ ಮೊದಲೇ ಮಾಡಿಕೊಳ್ಳಿ. ಪದ್ಯದ ಆರಂಭಕ್ಕಂತೂ ನಾನು ದಶಾಂಶ ಬಿಟ್ಟುಬಿಡುತ್ತೇನೆ, ಮೇಲಕ್ಕೆ ಏರಿಸುವುದಿಲ್ಲ. ಏರಿಸಿದರೆ ಭಾಗವತರು ಎತ್ತಿಕೊಳ್ಳುವ ಮೊದಲ ಅಕ್ಷರವೇ ತಪ್ಪಿಹೋಗುತ್ತದೆ. ಕೇಳುವವರಿಗೆ ಬೇಕಾದದ್ದೇ ಅದು.

'ಇನ್ನೆಷ್ಟು ಉಳಿದಿದೆ' ಅಂತ ತೋರಿಸುವುದಾದರೆ ಮೈನಸ್ ಅಂಕಿಯನ್ನೂ ಕೊಟ್ಟು ನೋಡಿ. ಪೈಥಾನ್‌ನಲ್ಲಿ ಅವಧಿಗೆಂದೇ ಇರುವ ಟೈಮ್‌ಡೆಲ್ಟಾ ಮೈನಸ್ ಒಂದು ಸೆಕೆಂಡನ್ನು 'ಮೈನಸ್ ಒಂದು ದಿನ, 23:59:59' ಅನ್ನುತ್ತದೆ. ಲೆಕ್ಕ ಸರಿ, ಆದರೆ ಓದುವವರಿಗೆ ಏನೂ ತಿಳಿಯದು. ಚಿಹ್ನೆ ಬೇರೆ ತೆಗೆದಿಟ್ಟು, ಅಂಕಿಯನ್ನು ಮಾತ್ರ ಭಾಗಿಸಿ.

— ಮೂಡುಬಿದಿರೆಯಿಂದ:
ಎಲ್ಲದಕ್ಕೂ ಈ ರೂಪ ಬೇಕಿಲ್ಲ. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಓಡಿದ್ದು 13.62 ಸೆಕೆಂಡಿನಲ್ಲಿ. ಅದನ್ನು 0:00:14 ಅಂತ ಬರೆದರೆ ಓಟಕ್ಕೇ ಅನ್ಯಾಯ. ಕೋಣಗಳ ಸೋಲು-ಗೆಲುವು ಇರುವುದೇ ಆ ದಶಾಂಶದಲ್ಲಿ. ಅಲ್ಲಿ ಸೆಕೆಂಡನ್ನು ಹಾಗೇ ಬಿಡಿ.

ಇನ್ನೊಂದು: ಡೇಟಾಬೇಸ್‌ನಲ್ಲಿ ಸೆಕೆಂಡೇ ಇರಲಿ, ತೋರಿಸುವಾಗ ಮಾತ್ರ ಬದಲಿಸಿ. 4:49:05 ಅಂತ ಪಠ್ಯವಾಗಿ ಇಟ್ಟರೆ, ಸಾರ್ಟ್ ಮಾಡಿದಾಗ 10:00:00 ಅದಕ್ಕಿಂತ ಮೊದಲು ಬರುತ್ತದೆ.